ಮನೆಯಿಂದ ಹೊರಡಲಾಗದ ದಿನಗಳಲ್ಲಿ ಬೆನ್ನುಹುರಿಯ ಆರೈಕೆ: ಹಂತ ಹಂತದ ಮಾರ್ಗದರ್ಶಿ

"ಮತ್ತೊಮ್ಮೆ ಲಾಕ್‌ಡೌನ್ ಆದರೆ ನಾವೇನು ಮಾಡಬೇಕು?" ಬೆನ್ನುಹುರಿಗೆ ಪೆಟ್ಟು ಬಿದ್ದವರ ಮನೆಗಳಿಂದ ಈ ಪ್ರಶ್ನೆ ಇಂದಿಗೂ ಬರುತ್ತಲೇ ಇದೆ. ಹೆಚ್ಚಾಗಿ ಕೇಳುವವರು ಅವರನ್ನು ನೋಡಿಕೊಳ್ಳುವ ತಾಯಿ, ಹೆಂಡತಿ ಅಥವಾ ತಮ್ಮ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳುವಾಗ ಯಾವುದಾದರೊಂದು ಮುಖ್ಯ ಮಾತು ಬಿಟ್ಟುಹೋಗುತ್ತದೆ. ಆದ್ದರಿಂದ ಎಲ್ಲವನ್ನೂ ಕ್ರಮವಾಗಿ ಇಲ್ಲಿ ಬರೆದಿಡುತ್ತಿದ್ದೇನೆ.

2020ರ ಮಾರ್ಚ್ 24ರ ರಾತ್ರಿ ಎಂಟಕ್ಕೆ ಘೋಷಣೆಯಾದ ಕೋವಿಡ್ ಲಾಕ್‌ಡೌನ್ ಅದೇ ನಡುರಾತ್ರಿ ಜಾರಿಗೆ ಬಂತು. ಸಿದ್ಧವಾಗಲು ಸಿಕ್ಕದ್ದು ನಾಲ್ಕು ಗಂಟೆ. ಮೊದಲು 21 ದಿನವೆಂದದ್ದು ಮೇ 31ರವರೆಗೆ ಮುಂದುವರಿಯಿತು. ಮರುವರ್ಷ ಏಪ್ರಿಲ್ 27ರ ರಾತ್ರಿಯಿಂದ ಕರ್ನಾಟಕದಲ್ಲಿ ಮತ್ತೆ ಬಾಗಿಲುಗಳು ಮುಚ್ಚಿದವು. ಬಸ್ಸು, ಮೊದಲ ಸಲ ರೈಲೂ ನಿಂತು, ಬೀದರ್, ರಾಯಚೂರಿನಂತಹ ದೂರದ ಊರುಗಳಿಂದ ಬೆಂಗಳೂರಿನ ನಿಮ್ಹಾನ್ಸ್‌ಗೆ ಬಂದು ತೋರಿಸಿಕೊಳ್ಳುತ್ತಿದ್ದವರು ಊರಲ್ಲೇ ಉಳಿಯಬೇಕಾಯಿತು. ದಿನಕ್ಕೊಮ್ಮೆ ಬಂದು ಕೈಕಾಲು ಆಡಿಸುತ್ತಿದ್ದ ಫಿಸಿಯೋಥೆರಪಿಸ್ಟ್ ಬರಲಿಲ್ಲ, ಕ್ಯಾತಿಟರ್, ಎಂದರೆ ಮೂತ್ರ ತೆಗೆಯುವ ಕೊಳವೆ, ತಂದುಕೊಡುತ್ತಿದ್ದ ಅಂಗಡಿಗೆ ಸರಕು ಬರಲಿಲ್ಲ.

ಇದರ ಪೆಟ್ಟು ಇವರಿಗೆ ಉಳಿದವರಿಗಿಂತ ಹೆಚ್ಚು ತಗಲುವುದೇಕೆ ಎಂಬುದನ್ನು ಮೊದಲು ತಿಳಿಯೋಣ. ಬೆನ್ನುಮೂಳೆ ಎಂದರೆ ಕುತ್ತಿಗೆಯಿಂದ ಬಾಲಮೂಳೆಯವರೆಗೆ ಒಂದರ ಮೇಲೊಂದು ಕೂತ ಮೂಳೆಗಳ ಸಾಲು. ಬೆನ್ನುಹುರಿ ಎಂದರೆ ಆ ಮೂಳೆಗಳೊಳಗಿನ ಕೊಳವೆಯಲ್ಲಿ ಇಳಿಯುವ ನರಗಳ ಕಟ್ಟು. ಹುರಿಗೆ ಪೆಟ್ಟಾದರೆ ಪೆಟ್ಟಿನ ಕೆಳಗಿನ ಭಾಗದಲ್ಲಿ ಚಲನೆ ಮತ್ತು ಸ್ಪರ್ಶದ ಜೊತೆಗೆ ಇನ್ನೂ ಕೆಲವು ಸಂಗತಿಗಳು ಹೋಗುತ್ತವೆ: ಮೂತ್ರ ತುಂಬಿದ್ದು ಗೊತ್ತಾಗುವುದಿಲ್ಲ, ಒಂದೇ ಕಡೆ ಕೂತು ಚರ್ಮ ನೊಂದದ್ದು ಗೊತ್ತಾಗುವುದಿಲ್ಲ, ಬೆವರಿ ಮೈ ತಣಿಯುವುದಿಲ್ಲ. ಆರೋಗ್ಯವಂತರ ದೇಹ ತಾನಾಗಿಯೇ ಮಾಡಿಕೊಳ್ಳುವ ಇಂತಹ ಕೆಲಸಗಳನ್ನು ಇವರು ಗಡಿಯಾರ ನೋಡಿ ಮಾಡಬೇಕು ಅಥವಾ ಮಾಡಿಸಿಕೊಳ್ಳಬೇಕು. ಲಾಕ್‌ಡೌನ್ ಕೆಡಿಸುವುದು ಆ ಗಡಿಯಾರವನ್ನು. ಕೆಳಗಿನ ಹಂತಗಳೆಲ್ಲವೂ ಅದು ನಿಲ್ಲದಂತೆ ನೋಡಿಕೊಳ್ಳುವ ದಾರಿಗಳು. ಇವು ಮುಖ್ಯವಾಗಿ ಬೆನ್ನುಹುರಿಗೆ ಪೆಟ್ಟಾದವರಿಗಾಗಿ ಬರೆದವು. ಬೆನ್ನುಮೂಳೆಯ ಕ್ಷಯ, ಆಂಕೈಲೋಸಿಂಗ್ ಸ್ಪಾಂಡಿಲೈಟಿಸ್ ಮತ್ತು ಡಿಸ್ಕ್ ತೊಂದರೆ ಇರುವವರಿಗೆ 10ನೇ ಹಂತದಲ್ಲಿ ಬೇರೆಯಾಗಿ ಹೇಳಿದ್ದೇನೆ.

ಬೇಕಾಗುವ ವಸ್ತುಗಳು ಹೆಚ್ಚೇನಿಲ್ಲ. ಒಂದು ನೋಟುಪುಸ್ತಕ, ಹಿಡಿ ಇರುವ ಕನ್ನಡಿ, ಥರ್ಮಾಮೀಟರ್, ಬಿ.ಪಿ. ನೋಡುವ ಯಂತ್ರ, ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್, ಮೂತ್ರ ಅಳೆಯಲು ಗೆರೆಗಳಿರುವ ಪ್ಲಾಸ್ಟಿಕ್ ಪಾತ್ರೆ, ನಾಲ್ಕೈದು ದಿಂಬು, ಅಲಾರಂ ಇಡಬಹುದಾದ ಒಂದು ಫೋನು.

ಹಂತ 1: ಒಂದು ಪುಟದಲ್ಲಿ ಎಲ್ಲವನ್ನೂ ಬರೆಯಿರಿ

ನೋಟುಪುಸ್ತಕದ ಮೊದಲ ಪುಟದಲ್ಲಿ ಪೆಟ್ಟಾದ ವರ್ಷ, ಪೆಟ್ಟಿನ ಮಟ್ಟ, ಆದ ಶಸ್ತ್ರಚಿಕಿತ್ಸೆ, ಈಗಿನ ಔಷಧಗಳು ಮತ್ತು ಅವುಗಳ ಪ್ರಮಾಣ, ಕ್ಯಾತಿಟರ್‌ನ ಅಳತೆ, ಒಗ್ಗದ ಔಷಧಗಳ ಹೆಸರು ಬರೆಯಿರಿ. ಪೆಟ್ಟಿನ ಮಟ್ಟವೆಂದರೆ ಯಾವ ಮೂಳೆಯ ನೇರದಲ್ಲಿ ಹುರಿಗೆ ಗಾಯವಾಗಿದೆ ಎಂಬುದು. ಬಿಡುಗಡೆಯ ಪತ್ರದಲ್ಲಿ ಅದು ಸಿ-5, ಟಿ-10 ಎಂಬಂತೆ ಇರುತ್ತದೆ. ಸಿ ಎಂದರೆ ಕುತ್ತಿಗೆ, ಟಿ ಎಂದರೆ ಎದೆಯ ಹಿಂಭಾಗ, ಎಲ್ ಎಂದರೆ ಸೊಂಟ.

ಇದರ ಕೆಳಗೆ ಆರಾಮವಾಗಿರುವ ದಿನದ ಬಿ.ಪಿ.ಯನ್ನು ಬರೆಯುವುದನ್ನು ಮರೆಯಬೇಡಿ. ಮೇಲ್ಮಟ್ಟದ, ಎಂದರೆ ಕುತ್ತಿಗೆ ಅಥವಾ ಎದೆಯ ಮೇಲ್ಭಾಗದ, ಪೆಟ್ಟಾದವರ ಬಿ.ಪಿ. ಸಾಮಾನ್ಯವಾಗಿ ಕಡಿಮೆ ಇರುತ್ತದೆ. ಮೇಲಿನ ಅಂಕಿ 90ರಿಂದ 110ರ ನಡುವೆ ಇರುವುದು ಇವರಲ್ಲಿ ಅಪರೂಪವಲ್ಲ. ಹೊಸ ವೈದ್ಯರೊಬ್ಬರು 135 ನೋಡಿ ಸರಿಯಾಗಿಯೇ ಇದೆ ಎನ್ನಬಹುದು, ಆದರೆ 95 ಇರುವವರಿಗೆ ಅದು ಅಪಾಯದ ಏರಿಕೆ. 8ನೇ ಹಂತದಲ್ಲಿ ಈ ಅಂಕಿ ಮತ್ತೆ ಬೇಕಾಗುತ್ತದೆ. ಪುಟದ ಫೋಟೊ ತೆಗೆದು ಮನೆಯ ಇಬ್ಬರ ಫೋನಿನಲ್ಲಾದರೂ ಇರಿಸಿ.

ಹಂತ 2: ಮೂವತ್ತು ದಿನದ ದಾಸ್ತಾನು

ತಿಂಗಳ ಸಾಮಾನನ್ನು ಕಣ್ಣಂದಾಜಿನಲ್ಲಿ ತರಬೇಡಿ, ಲೆಕ್ಕ ಹಾಕಿ ತನ್ನಿ. ದಿನಕ್ಕೆ ಐದು ಸಲ ಕ್ಯಾತಿಟರ್ ಹಾಕುವವರಿಗೆ ತಿಂಗಳಿಗೆ 150 ಸಲ ಆಗುತ್ತದೆ. ಕೈಗವಸು, ಜೆಲ್ಲಿ, ಸಾಬೂನು ಎಲ್ಲವೂ ಆ ಲೆಕ್ಕಕ್ಕೆ ಸಾಲಬೇಕು. ಕ್ಯಾತಿಟರ್ ತೊಳೆದು ಮತ್ತೆ ಬಳಸಬಹುದೇ, ಬಳಸಿದರೆ ಎಷ್ಟು ದಿನ ಎಂಬುದನ್ನು ನಿಮ್ಮ ವೈದ್ಯರಿಂದ ಅಥವಾ ನರ್ಸ್‌ನಿಂದ ಈಗಲೇ ಕೇಳಿ ಬರೆದುಕೊಳ್ಳಿ. ಹಳೆಯದು ಮುಗಿಯುವವರೆಗೆ ಕಾಯದೆ, ಹದಿನೈದು ದಿನದ್ದು ಉಳಿದಿರುವಾಗಲೇ ಮುಂದಿನದನ್ನು ತರಿಸುವುದು ಕ್ರಮ. ಹಳೆಯದನ್ನು ಮುಂದೆ, ಹೊಸದನ್ನು ಹಿಂದೆ ಇಟ್ಟರೆ ಅವಧಿ ಮೀರಿದ ಔಷಧ ಡಬ್ಬಿಯ ತಳದಲ್ಲಿ ಉಳಿಯುವುದಿಲ್ಲ. ದುಡ್ಡಿನ ತೊಂದರೆ ಇರುವವರು ಜನೌಷಧಿ ಕೇಂದ್ರದಲ್ಲಿ ಅದೇ ಔಷಧ ಬೇರೆ ಹೆಸರಿನಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆಯೇ ಎಂದು ವಿಚಾರಿಸಿ.

ಇಲ್ಲಿ ಒಂದು ಗಟ್ಟಿಯಾದ ಎಚ್ಚರಿಕೆ ಹೇಳಲೇಬೇಕು. ಬ್ಯಾಕ್ಲೋಫೆನ್ ಎಂಬ ಮಾತ್ರೆಯನ್ನು ಸ್ನಾಯುಗಳ ಬಿಗಿತ ಮತ್ತು ಕಾಲುಗಳ ತಾನಾಗಿಯೇ ಬರುವ ಎಳೆತಕ್ಕೆ, ಎಂದರೆ ಸ್ಪಾಸ್ಟಿಸಿಟಿಗೆ, ಕೊಡುತ್ತಾರೆ. 2020ರ ಏಪ್ರಿಲ್‌ನಲ್ಲಿ ಒಂದು ಮನೆಯಲ್ಲಿ ಮಾತ್ರೆ ಇನ್ನಷ್ಟು ದಿನ ಉಳಿಯಲೆಂದು ದಿನಕ್ಕೆ ಮೂರರ ಬದಲು ಒಂದು ಕೊಡುತ್ತಾ ಬಂದು, ಕೊನೆಗೆ ಅದೂ ಮುಗಿಯಿತು. ಎರಡೇ ದಿನದಲ್ಲಿ ಕಾಲುಗಳು ಮಂಚದಿಂದ ಎಗರುವಷ್ಟು ಬಿಗಿದವು, ಆತ ಇಲ್ಲದ್ದನ್ನು ಕಂಡಂತೆ ಮಾತಾಡತೊಡಗಿದ. ಬ್ಯಾಕ್ಲೋಫೆನ್ ಅನ್ನು ಥಟ್ಟನೆ ನಿಲ್ಲಿಸಿದರೆ ಭ್ರಮೆ, ಅಪಸ್ಮಾರ, ತೀವ್ರ ಜ್ವರ ಬರಬಹುದು. ಟಿಜಾನಿಡಿನ್, ಗ್ಯಾಬಾಪೆಂಟಿನ್, ಪ್ರೆಗಾಬಾಲಿನ್ ಮಾತ್ರೆಗಳನ್ನೂ ಒಮ್ಮೆಲೇ ಬಿಡಬಾರದು. ಮಾತ್ರೆ ಮುಗಿಯುವ ಸೂಚನೆ ಕಂಡ ಕೂಡಲೇ ವೈದ್ಯರಿಗೆ ಫೋನ್ ಮಾಡಿ. ಕಡಿಮೆ ಮಾಡುವುದಿದ್ದರೆ ಹೇಗೆ ಮಾಡಬೇಕೆಂದು ಅವರೇ ಹೇಳಲಿ.

ಹಂತ 3: ಎರಡನೆಯ ಜೋಡಿ ಕೈ

ನಿಮ್ಮನ್ನು ನೋಡಿಕೊಳ್ಳುವವರು ಒಬ್ಬರೇ ಆಗಿದ್ದು, ಅವರಿಗೇ ಸೋಂಕು ತಗುಲಿದರೆ ಅಥವಾ ಅವರು ಬೇರೆ ಊರಿನಲ್ಲಿ ಸಿಕ್ಕಿಬಿದ್ದರೆ ಉಳಿದ ಸಿದ್ಧತೆಯೆಲ್ಲ ವ್ಯರ್ಥವಾಗುತ್ತದೆ. ಮನೆಯವರೋ ನೆರೆಯವರೋ, ಇನ್ನೊಬ್ಬರಿಗೆ ಮಗ್ಗುಲು ಬದಲಿಸುವುದು, ಹಾಸಿಗೆಯಿಂದ ಗಾಲಿಕುರ್ಚಿಗೆ ಇಳಿಸುವುದು, ಮೂತ್ರದ ಚೀಲ ಖಾಲಿ ಮಾಡುವುದು ಈಗಲೇ ಕಲಿಸಿಡಿ. ಬಾಯಿಮಾತಿನಲ್ಲಿ ಹೇಳಿದರೆ ಸಾಲದು; ನಿಮ್ಮೆದುರಿಗೇ ಮೂರು ಸಲ ಅವರ ಕೈಯಿಂದ ಮಾಡಿಸಿ. ಎತ್ತುವಾಗ ಸೊಂಟ ಬಗ್ಗಿಸದೆ ಮೊಣಕಾಲು ಮಡಚಿ ಎತ್ತಬೇಕೆಂದು ಅವರಿಗೂ ಹೇಳಿಕೊಡಿ, ಏಕೆಂದರೆ ಆರೈಕೆದಾರರ ಬೆನ್ನು ಹಿಡಿದುಕೊಂಡರೆ ಆ ಮನೆಯಲ್ಲಿ ಇಬ್ಬರು ಮಲಗುತ್ತಾರೆ.

ಹಂತ 4: ಚರ್ಮ

ಮನೆಯೊಳಗೆ ಉಳಿದ ತಿಂಗಳುಗಳು ಇವರಿಗೆ ಕೊಡುವ ದೊಡ್ಡ ಪೆಟ್ಟು ಒತ್ತಡದ ಹುಣ್ಣು, ಎಲ್ಲರೂ ಬೆಡ್‌ಸೋರ್ ಎನ್ನುವ ಗಾಯ. ಮೂಳೆ ಮತ್ತು ಹಾಸಿಗೆಯ ನಡುವೆ ಚರ್ಮ ಬಹಳ ಹೊತ್ತು ಅದುಮಿಕೊಂಡಾಗ ಅಲ್ಲಿಗೆ ರಕ್ತ ಹರಿಯದೆ ಮಾಂಸ ಸಾಯುತ್ತದೆ. ಮೇಲೆ ಬೆರಳಗಲದ ಕೆಂಪು ಕಂಡರೂ ಒಳಗೆ ಅಂಗೈಯಗಲ ಕೊಳೆತಿರಬಹುದು. ಗುಣವಾಗಲು ತಿಂಗಳುಗಳೇ ಬೇಕು, ಕೆಲವೊಮ್ಮೆ ಶಸ್ತ್ರಚಿಕಿತ್ಸೆಯೂ ಬೇಕು.

ಹಾಸಿಗೆಯಲ್ಲಿರುವವರ ಮಗ್ಗುಲನ್ನು ಎರಡು ಗಂಟೆಗೊಮ್ಮೆ ಬದಲಿಸಿ. ರಾತ್ರಿಗೂ ಅಲಾರಂ ಇಡಿ. ಪೂರ್ತಿ ಪಕ್ಕಕ್ಕೆ ಮಲಗಿಸಿದರೆ ತೊಡೆಯ ಹೊರಮೂಳೆಯ ಮೇಲೆ ಭಾರ ಬೀಳುತ್ತದೆ. ಬೆನ್ನ ಹಿಂದೆ ದಿಂಬು ಕೊಟ್ಟು ಸುಮಾರು 30 ಡಿಗ್ರಿಯಷ್ಟು ಮಾತ್ರ ವಾಲಿಸಿ. ಮೊಣಕಾಲುಗಳ ನಡುವೆ ಒಂದು ದಿಂಬಿರಲಿ. ಮೀನಖಂಡದ ಉದ್ದಕ್ಕೆ ಇನ್ನೊಂದು ದಿಂಬಿಟ್ಟು ಹಿಮ್ಮಡಿ ಹಾಸಿಗೆಗೆ ತಾಗದೆ ಗಾಳಿಯಲ್ಲಿರುವಂತೆ ಮಾಡಿ. ಗಾಲಿಕುರ್ಚಿಯಲ್ಲಿ ಕೂರುವವರು ಹದಿನೈದರಿಂದ ಮೂವತ್ತು ನಿಮಿಷಕ್ಕೊಮ್ಮೆ ಮುಂದಕ್ಕೆ ಅಥವಾ ಪಕ್ಕಕ್ಕೆ ಬಾಗಿ, ಒಂದೆರಡು ನಿಮಿಷ ಕುಂಡೆಯ ಭಾರ ಇಳಿಸಬೇಕು. ಕೈಯೂರಿ ಒಮ್ಮೆ ಎದ್ದು ತಕ್ಷಣ ಕೂತರೆ ರಕ್ತ ಮರಳಲು ಸಮಯ ಸಾಲುವುದಿಲ್ಲ.

ಲಾಕ್‌ಡೌನಿನಲ್ಲಿ ಎಲ್ಲ ಮನೆಗಳಲ್ಲೂ ಆಗುವ ಒಂದು ತಪ್ಪಿದೆ. ಹೊರಗೆ ಹೋಗಲಿಕ್ಕಿಲ್ಲವೆಂದು ದಿಂಬುಗಳಿಗೆ ಒರಗಿ, ಅರ್ಧ ಕೂತು ಅರ್ಧ ಮಲಗಿ ಸಂಜೆಯವರೆಗೆ ಟಿ.ವಿ. ನೋಡುವುದು. ಈ ಭಂಗಿಯಲ್ಲಿ ದೇಹ ನಿಧಾನವಾಗಿ ಕೆಳಕ್ಕೆ ಜಾರುತ್ತಾ ಬಾಲಮೂಳೆಯ ಮೇಲಿನ ಚರ್ಮವನ್ನು ಎಳೆದು ಹರಿಯುತ್ತದೆ. ಊಟದ ಹೊತ್ತು ಬಿಟ್ಟರೆ ತಲೆಕಡೆಯನ್ನು 30 ಡಿಗ್ರಿಗಿಂತ ಮೇಲೆತ್ತಬೇಡಿ. ಟಿ.ವಿ. ನೋಡುವುದಿದ್ದರೆ ಕುಶನ್ ಹಾಕಿದ ಗಾಲಿಕುರ್ಚಿಯಲ್ಲಿ ನೇರವಾಗಿ ಕೂತು, ಮೇಲೆ ಹೇಳಿದಂತೆ ಭಾರ ಇಳಿಸುತ್ತಾ ನೋಡಿ.

ಬೆಳಿಗ್ಗೆ ಮತ್ತು ರಾತ್ರಿ, ದಿನಕ್ಕೆ ಎರಡು ಸಲ ಚರ್ಮ ಪರೀಕ್ಷಿಸಿ: ಬಾಲಮೂಳೆ, ಕುಂಡೆಯ ಎರಡು ಮೂಳೆಗಳು, ತೊಡೆಯ ಹೊರಬದಿ, ಹಿಮ್ಮಡಿ, ಕಾಲ್ಗಿಣ್ಣು. ಕೊಪ್ಪಳದ ಕಡೆಯ ಒಬ್ಬ ಯುವಕ ಕೈಗನ್ನಡಿಯ ಹಿಡಿಯನ್ನು ಬಿದಿರು ಕೋಲಿಗೆ ಹಳೆಯ ಸೈಕಲ್ ಟ್ಯೂಬಿನ ರಬ್ಬರಿನಿಂದ ಬಿಗಿದು ಕಟ್ಟಿಕೊಂಡಿದ್ದಾನೆ. ಬಾಗಿಲ ಬೆಳಕಿಗೆ ಬೆನ್ನು ಮಾಡಿ ಮಲಗಿ, ಕೋಲನ್ನು ಹಿಂದಕ್ಕೆ ಚಾಚಿ ಬಾಲಮೂಳೆಯನ್ನು ತಾನೇ ನೋಡಿಕೊಳ್ಳುತ್ತಾನೆ. ನೀವೂ ಹಾಗೆ ಮಾಡಿಕೊಳ್ಳಬಹುದು. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿಬಿಡಿ. ಬಿಳುಪಾಗಿ ಮತ್ತೆ ಕೆಂಪಾದರೆ ರಕ್ತ ಹರಿಯುತ್ತಿದೆ. ಒತ್ತಿದರೂ ಬಣ್ಣ ಬದಲಾಗದಿದ್ದರೆ ಹುಣ್ಣು ಶುರುವಾಗಿದೆ. ನಮ್ಮ ಮೈಬಣ್ಣದಲ್ಲಿ ಕೆಂಪು ಎದ್ದು ಕಾಣುವುದಿಲ್ಲ. ಆದ್ದರಿಂದ ಸುತ್ತಲಿಗಿಂತ ಕಪ್ಪಗಿರುವ, ಬಿಸಿಯಾಗಿರುವ ಅಥವಾ ಗಟ್ಟಿಯಾಗಿರುವ ಜಾಗವನ್ನು ಅಂಗೈ ಹಿಂಬದಿಯಿಂದ ಸವರಿ ಗುರುತಿಸಿ. ಅಂತಹ ಜಾಗ ಕಂಡರೆ ಅದು ಪೂರ್ತಿ ಮಾಸುವವರೆಗೆ ಅದರ ಮೇಲೆ ಕೂರಬಾರದು, ಮಲಗಲೂಬಾರದು. ಇದಕ್ಕಿಂತ ಮೊದಲು ಮಾಡಬೇಕಾದ ಔಷಧ ಬೇರೊಂದಿಲ್ಲ.

ಮಾಡಬಾರದವು ಇವು: ಕೆಂಪಾದ ಜಾಗವನ್ನು ತಿಕ್ಕಬೇಡಿ. ನಡುವೆ ತೂತಿರುವ ರಬ್ಬರ್ ಟ್ಯೂಬಿನ ಮೇಲೆ ಕೂರಬೇಡಿ. ಅದರ ಅಂಚು ಸುತ್ತಲಿನ ರಕ್ತವನ್ನೇ ತಡೆಯುತ್ತದೆ. ನೀರು ತುಂಬಿದ ಕೈಗವಸನ್ನು ಹಿಮ್ಮಡಿಯಡಿ ಇಡುವ ರೂಢಿಯಿಂದ ಉಪಯೋಗವಿಲ್ಲ. ಸ್ಪರ್ಶವಿಲ್ಲದ ಜಾಗಕ್ಕೆ ಬಿಸಿನೀರಿನ ಚೀಲ ಇಟ್ಟರೆ ಸುಟ್ಟದ್ದೂ ತಿಳಿಯುವುದಿಲ್ಲ. ಬಾಯಿ ತೆರೆದ ಗಾಯಕ್ಕೆ ಅರಿಶಿನ, ಸುಣ್ಣ, ಸ್ಪಿರಿಟ್, ಪೌಡರ್ ಯಾವುದನ್ನೂ ಹಾಕದೆ, ಸಲೈನಿನಿಂದ ತೊಳೆದು, ಶುದ್ಧ ಗಾಜ್ ಬಟ್ಟೆ ಮುಚ್ಚಿ, ಪಕ್ಕದಲ್ಲಿ ಸ್ಕೇಲು ಅಥವಾ ನಾಣ್ಯವಿಟ್ಟು ಫೋಟೊ ತೆಗೆದು ವೈದ್ಯರಿಗೆ ಕಳುಹಿಸಿ. ದುರ್ವಾಸನೆ, ಕೀವು, ಕಪ್ಪು ಮಾಂಸ ಅಥವಾ ಜ್ವರ ಇದ್ದರೆ ಫೋಟೊ ಸಾಲದು, ಆಸ್ಪತ್ರೆಗೇ ಹೋಗಬೇಕು.

ಹಂತ 5: ಮೂತ್ರ

ಎರಡು ಬಗೆಯ ವ್ಯವಸ್ಥೆ ಹೆಚ್ಚು ರೂಢಿಯಲ್ಲಿದೆ. ಒಂದು, ಕೆಲವು ಗಂಟೆಗೊಮ್ಮೆ ಶುದ್ಧವಾದ ಕ್ಯಾತಿಟರ್ ಹಾಕಿ ಮೂತ್ರ ತೆಗೆದು ಹೊರತೆಗೆಯುವುದು, ಇದನ್ನು ಸಿ.ಐ.ಸಿ. ಎನ್ನುತ್ತಾರೆ. ಇನ್ನೊಂದು, ತುದಿಯಲ್ಲಿ ಬಲೂನಿರುವ ಫೋಲಿ ಕ್ಯಾತಿಟರನ್ನು ಒಳಗೇ ಬಿಟ್ಟು ಚೀಲ ಜೋಡಿಸುವುದು.

ಸಿ.ಐ.ಸಿ. ಮಾಡುವವರು ನಾಲ್ಕರಿಂದ ಆರು ಗಂಟೆಗೊಮ್ಮೆ ಮೂತ್ರ ತೆಗೆಯಬೇಕು, ಒಂದು ಸಲಕ್ಕೆ ಬಂದದ್ದು 400ರಿಂದ 500 ಮಿ.ಲೀ. ದಾಟಬಾರದು. ಅಳೆದು ನೋಟುಪುಸ್ತಕದಲ್ಲಿ ಬರೆಯಿರಿ. ಪದೇ ಪದೇ 500 ದಾಟಿದರೆ ನಡುವಿನ ಸಮಯವನ್ನು ಕಡಿಮೆ ಮಾಡಿ. ಕ್ಯಾತಿಟರ್ ಕಡಿಮೆಯಿದೆ ಎಂಬ ಭಯದಿಂದ 2020ರಲ್ಲಿ ಎಷ್ಟೋ ಮಂದಿ ನೀರು ಕುಡಿಯುವುದನ್ನೇ ಬಿಟ್ಟರು, ಕೆಲವರು ದಿನಕ್ಕೆ ಐದರ ಬದಲು ಎರಡು ಸಲ ತೆಗೆದರು. ಎರಡೂ ದಾರಿಗಳು ಸೋಂಕಿಗೆ ಕರೆದೊಯ್ಯುತ್ತವೆ. ಮೂತ್ರಕೋಶ ಮಿತಿಮೀರಿ ತುಂಬಿದಾಗ ಅದರ ಒತ್ತಡ ಮೇಲಕ್ಕೆ ಮೂತ್ರಪಿಂಡಗಳನ್ನು ಮುಟ್ಟುತ್ತದೆ, ಆ ಹಾನಿ ಸದ್ದಿಲ್ಲದೆ ಆಗುತ್ತದೆ. ಕ್ಯಾತಿಟರ್ ನಿಜವಾಗಿಯೂ ಕಡಿಮೆಯಿದ್ದರೆ, ಸಲಗಳನ್ನು ತಗ್ಗಿಸುವ ಬದಲು ಅದನ್ನು ತೊಳೆದು ಬಳಸುವ ಬಗ್ಗೆ ನರ್ಸ್ ಹೇಳಿಕೊಟ್ಟ ಕ್ರಮವನ್ನು ಪಾಲಿಸಿ: ಬಳಸಿದ ತಕ್ಷಣ ಒಳಗೂ ಹೊರಗೂ ಸಾಬೂನು ನೀರಿನಿಂದ ತೊಳೆದು, ಹರಿಯುವ ನೀರಿನಲ್ಲಿ ಜಾಲಿಸಿ, ನೀರು ಬಸಿದು ಪೂರ್ತಿ ಒಣಗಿದ ಮೇಲೆ ಮುಚ್ಚಳವಿರುವ ಶುದ್ಧ ಡಬ್ಬಿಯಲ್ಲಿಡಿ. ಬಿರುಕು ಬಿಟ್ಟ, ಗಡುಸಾದ, ಬಣ್ಣ ಕೆಟ್ಟ ಕೊಳವೆಯನ್ನು ಎಸೆಯಿರಿ. ಒಬ್ಬರದನ್ನು ಇನ್ನೊಬ್ಬರು ಬಳಸುವ ಮಾತೇ ಇಲ್ಲ.

ಫೋಲಿ ಇರುವವರು ಅದನ್ನು ಬದಲಿಸಬೇಕಾದ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಲೇಟೆಕ್ಸ್ ರಬ್ಬರಿನದಕ್ಕೆ ಸಿಲಿಕೋನಿನದಕ್ಕಿಂತ ಬೇಗ ಬದಲಾವಣೆ ಬೇಕು. ನಿಮ್ಮದು ಯಾವುದೆಂದು ಪೊಟ್ಟಣ ನೋಡಿ ತಿಳಿಯಿರಿ. ಅದೇ ಅಳತೆಯ ಒಂದು ಫೋಲಿ, ಮೂತ್ರದ ಚೀಲ, ಜೆಲ್ಲಿ, ಸ್ಟೆರೈಲ್ (ಕ್ರಿಮಿರಹಿತ) ಕೈಗವಸು, 10 ಮಿ.ಲೀ. ಸಿರಿಂಜ್, ಸ್ಟೆರೈಲ್ ನೀರಿನ ಬಾಟಲಿ ಇವಿಷ್ಟನ್ನು ಒಂದು ಚೀಲದಲ್ಲಿ ಸಿದ್ಧವಾಗಿಟ್ಟರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದ ನರ್ಸ್ ಅದನ್ನು ಬದಲಿಸಿಕೊಡಬಹುದು. ಬಲೂನಿನ ನೀರು ತೆಗೆಯದೆ ಕೊಳವೆಯನ್ನು ಎಂದಿಗೂ ಎಳೆಯಬೇಡಿ. ಚೀಲ ಯಾವಾಗಲೂ ಮೂತ್ರಕೋಶಕ್ಕಿಂತ ಕೆಳಗಿರಲಿ. ಮಗ್ಗುಲು ಬದಲಿಸುವಾಗ ಅದನ್ನು ಹೊಟ್ಟೆಯ ಮೇಲಿಟ್ಟರೆ ಹಳೆಯ ಮೂತ್ರ ಒಳಕ್ಕೆ ಮರಳುತ್ತದೆ.

ಮೂತ್ರ ಕದಡಿದಂತಿದೆ ಎಂಬ ಒಂದೇ ಕಾರಣಕ್ಕೆ ಮನೆಯಲ್ಲಿ ಉಳಿದ ಆ್ಯಂಟಿಬಯಾಟಿಕ್ ನುಂಗಬೇಡಿ. ಜ್ವರ, ಚಳಿ ನಡುಕ, ಹಠಾತ್ತಾಗಿ ಹೆಚ್ಚಿದ ಕಾಲಿನ ಎಳೆತ, ಹೊಸದಾಗಿ ಶುರುವಾದ ಸೋರಿಕೆ ಇವು ಸೋಂಕಿನ ಲಕ್ಷಣಗಳು. ಇವು ಕಂಡರೆ ವೈದ್ಯರನ್ನು ಕೇಳಿ.

ಹಂತ 6: ಮಲವಿಸರ್ಜನೆ

ಹೊತ್ತು ಬದಲಿಸಬೇಡಿ. ದಿನವೂ ಅಥವಾ ದಿನ ಬಿಟ್ಟು ದಿನ, ಊಟವೋ ತಿಂಡಿಯೋ ಆದ ಅರ್ಧ ಗಂಟೆಯ ಬಳಿಕ ಅದೇ ಸಮಯಕ್ಕೆ ಮಾಡಿ, ಏಕೆಂದರೆ ಹೊಟ್ಟೆ ತುಂಬಿದಾಗ ಕರುಳು ತಾನಾಗಿಯೇ ಚುರುಕಾಗುತ್ತದೆ. ಲಾಕ್‌ಡೌನಿನಲ್ಲಿ ಸೊಪ್ಪು, ಹಣ್ಣು ಕಡಿಮೆಯಾಗಿ ಅನ್ನ ಸಾರಷ್ಟೇ ಉಳಿದ ಮನೆಗಳಲ್ಲಿ ಮಲಬದ್ಧತೆ ಹೆಚ್ಚಿತು. ಇಸಬಗೋಲ್ ತೆಗೆದುಕೊಳ್ಳುವವರು ಸಾಕಷ್ಟು ನೀರನ್ನೂ ಕುಡಿಯಬೇಕು. ಇಲ್ಲದಿದ್ದರೆ ಅದೇ ಗಟ್ಟಿಯಾಗಿ ಕೂರುತ್ತದೆ.

ಹಂತ 7: ಕೀಲು, ಉಸಿರು ಮತ್ತು ಬಿಸಿಲು

ಆಡದ ಕೀಲು ವಾರಗಳಲ್ಲಿ ಗಟ್ಟಿಯಾಗುತ್ತದೆ. ಭುಜ, ಮೊಣಕೈ, ಸೊಂಟ, ಮೊಣಕಾಲು, ಕಾಲ್ಗಿಣ್ಣುಗಳನ್ನು ದಿನಕ್ಕೆ ಒಮ್ಮೆಯಾದರೂ, ಸಾಧ್ಯವಾದರೆ ಎರಡು ಸಲ, ಅವು ತಿರುಗುವಷ್ಟು ದೂರ ನಿಧಾನವಾಗಿ ಆಡಿಸಿ. ಎಳೆತ ಬಂದರೆ ಜಗ್ಗದೆ, ಹಿಡಿದು ನಿಂತು, ಅದು ಸಡಿಲಾದ ಮೇಲೆ ಮುಂದುವರಿಸಿ. ಕುತ್ತಿಗೆಯ ಆರನೆಯ ಮಟ್ಟದಲ್ಲಿ ಪೆಟ್ಟಾದವರ ಕೈಯ ವಿಚಾರದಲ್ಲಿ ಮನೆಯವರು ತಿಳಿಯದೆ ಒಂದು ದೊಡ್ಡ ನಷ್ಟ ಮಾಡುತ್ತಾರೆ. ಅವರು ಮಣಿಕಟ್ಟನ್ನು ಹಿಂದಕ್ಕೆ ಬಗ್ಗಿಸಿದಾಗ ಬೆರಳುಗಳು ತಾವಾಗಿ ಮಡಚಿಕೊಳ್ಳುತ್ತವೆ. ಲೋಟ ಹಿಡಿಯುವುದು ಆ ಬಿಗಿತದಿಂದಲೇ. ಮಣಿಕಟ್ಟು ಮತ್ತು ಬೆರಳು ಎರಡನ್ನೂ ಒಟ್ಟಿಗೆ ಹಿಂದಕ್ಕೆ ಬಗ್ಗಿಸಿ ಎಳೆದರೆ ಆ ಹಿಡಿತ ಹೋಗಿಬಿಡುತ್ತದೆ. ಮಣಿಕಟ್ಟು ಹಿಂದಕ್ಕಿರುವಾಗ ಬೆರಳು ಮಡಚಿರಲಿ, ಬೆರಳು ಬಿಡಿಸುವಾಗ ಮಣಿಕಟ್ಟು ಮುಂದಕ್ಕೆ ಬಾಗಿರಲಿ.

ಒಂದೇ ಕಾಲು ಊದಿ ಬಿಸಿಯಾದರೆ ಉಜ್ಜಬೇಡಿ, ಆಡಿಸಲೂಬೇಡಿ. ರಕ್ತನಾಳದಲ್ಲಿ ಹೆಪ್ಪು ಕಟ್ಟಿರಬಹುದು, ಅದೇ ದಿನ ವೈದ್ಯರಿಗೆ ತೋರಿಸಬೇಕು.

ಕುತ್ತಿಗೆ ಅಥವಾ ಎದೆಯ ಮೇಲ್ಭಾಗದ ಪೆಟ್ಟಾದವರಿಗೆ ಕೆಮ್ಮುವ ಶಕ್ತಿಯೇ ಕಡಿಮೆ. ದಿನಕ್ಕೆ ಮೂರು ನಾಲ್ಕು ಸಲ, ಸಲಕ್ಕೆ ಹತ್ತು ಬಾರಿ ಆಳವಾಗಿ ಉಸಿರೆಳೆದು ಕ್ಷಣಕಾಲ ಹಿಡಿದು ಬಿಡುವ ಅಭ್ಯಾಸ ಇರಲಿ. ಹೊಟ್ಟೆಯ ಮೇಲೆ ಕೈಯಿಟ್ಟು ಕೆಮ್ಮಿಗೆ ಒತ್ತು ಕೊಡುವ ಕ್ರಮವನ್ನು ಫಿಸಿಯೋಥೆರಪಿಸ್ಟರಿಂದ ಎದುರಿಗೇ ಕಲಿಯಿರಿ. ವಿಡಿಯೊ ನೋಡಿ ಮೊದಲ ಸಲ ಮಾಡುವಂಥದ್ದಲ್ಲ ಅದು.

ಎರಡೂ ಲಾಕ್‌ಡೌನ್‌ಗಳು ಬಂದದ್ದು ಬಿರುಬೇಸಿಗೆಯಲ್ಲಿ. ಕಲಬುರಗಿ, ರಾಯಚೂರಿನಲ್ಲಿ 40 ಡಿಗ್ರಿ ದಾಟುವ ದಿನಗಳಲ್ಲಿ, ತಗಡಿನ ಮಾಡಿನ ಕೆಳಗೆ, ಬೆವರದ ದೇಹ ಬಹಳ ಬೇಗ ಕಾಯುತ್ತದೆ. ಮಧ್ಯಾಹ್ನ ಕುತ್ತಿಗೆ, ಎದೆ, ತೋಳಿಗೆ ಒದ್ದೆ ಬಟ್ಟೆ ಹಾಕಿ ಫ್ಯಾನಿನ ಗಾಳಿ ಬೀಳುವಂತೆ ಮಲಗಿಸಿ.

ಹಂತ 8: ಬಿ.ಪಿ. ಹಠಾತ್ತಾಗಿ ಏರಿದರೆ

ಟಿ-6 ಮತ್ತು ಅದಕ್ಕಿಂತ ಮೇಲಿನ ಪೆಟ್ಟಾದವರಿಗೆ ಅಟಾನಮಿಕ್ ಡಿಸ್‌ರಿಫ್ಲೆಕ್ಸಿಯಾ ಎಂಬ ತುರ್ತು ಸ್ಥಿತಿ ಬರಬಹುದು. ಕೆಳಗಿನ ದೇಹದಲ್ಲಿ ಯಾವುದೋ ನೋವು ಅಥವಾ ಒತ್ತಡ ಉಂಟಾಗಿ, ಅದು ಮೆದುಳಿಗೆ ತಲುಪದೆ, ರಕ್ತನಾಳಗಳು ಬಿಗಿದು ಬಿ.ಪಿ. ಒಮ್ಮೆಲೇ ಏರುತ್ತದೆ. ತಲೆ ಸಿಡಿಯುವಂತಹ ನೋವು, ಮುಖ ಕೆಂಪೇರುವುದು, ಪೆಟ್ಟಿನ ಮೇಲಿನ ಭಾಗದಲ್ಲಷ್ಟೇ ಬೆವರು ಇದರ ಲಕ್ಷಣ. ನೀವು ಬರೆದಿಟ್ಟ ಮೇಲಿನ ಅಂಕಿಗಿಂತ 20ರಿಂದ 40ರಷ್ಟು ಹೆಚ್ಚಿದ್ದರೆ ಅದೇ ಎಂದು ತಿಳಿಯಿರಿ. ತಡವಾದರೆ ಮೆದುಳಿನಲ್ಲಿ ರಕ್ತಸ್ರಾವವಾಗಬಹುದು.

ಮಲಗಿಸಬೇಡಿ. ಕೂಡಲೇ ನೇರವಾಗಿ ಕೂರಿಸಿ, ಕಾಲುಗಳನ್ನು ಕೆಳಗಿಳಿಸಿ, ಬಿಗಿಯಾದ ಪಟ್ಟಿ, ಲಾಡಿ, ಬೂಟು, ಸಾಕ್ಸ್ ಸಡಿಲಿಸಿ. ನಂತರ ಕಾರಣ ಹುಡುಕಿ. ಹೆಚ್ಚಿನ ಸಲ ಅದು ಮೂತ್ರಕೋಶದಲ್ಲೇ ಇರುತ್ತದೆ. ಕೊಳವೆ ಮಡಚಿದೆಯೇ, ಚೀಲ ತುಂಬಿದೆಯೇ ನೋಡಿ. ಕ್ಯಾತಿಟರ್ ಇಲ್ಲದಿದ್ದರೆ ಹಾಕಿ ಮೂತ್ರ ತೆಗೆಯಿರಿ. ಆಮೇಲೆ ಮಲಬದ್ಧತೆ, ಹುಣ್ಣು, ಒಳಸೇರಿದ ಉಗುರು, ಬಟ್ಟೆಯ ಮಡಿಕೆ. ಐದು ನಿಮಿಷಕ್ಕೊಮ್ಮೆ ಬಿ.ಪಿ. ನೋಡುತ್ತಿರಿ. ಕಾರಣ ಸಿಗದಿದ್ದರೆ ಅಥವಾ ಬಿ.ಪಿ. ಇಳಿಯದಿದ್ದರೆ 108ಕ್ಕೆ ಕರೆ ಮಾಡಿ. ಆಂಬುಲೆನ್ಸ್‌ಗೆ ಯಾವ ಲಾಕ್‌ಡೌನೂ ಅಡ್ಡಿಯಲ್ಲ.

ಹಂತ 9: ಕೋವಿಡ್‌ನಂತಹ ಸೋಂಕು ಮನೆಗೆ ಬಂದರೆ

ಗಾಲಿಕುರ್ಚಿಯ ಚಕ್ರ ನೆಲ ಮುಟ್ಟುತ್ತದೆ, ಚಕ್ರ ಮುಟ್ಟಿದ ಕೈ ಮುಖ ಮುಟ್ಟುತ್ತದೆ. ಹೊರಗೆ ಹೋಗಿ ಬಂದಾಗ ಚಕ್ರ, ಹಿಡಿಬಳೆ, ಬ್ರೇಕ್ ಒರೆಸಿ, ನಂತರ ಕೈ ತೊಳೆಯಿರಿ. ಆರೈಕೆದಾರರಿಗೆ ನೆಗಡಿ, ಕೆಮ್ಮು ಇದ್ದರೆ ಇಬ್ಬರೂ ಮಾಸ್ಕ್ ಹಾಕಿ, ಕಿಟಕಿ ತೆರೆಯಿರಿ, ಸಾಧ್ಯವಿದ್ದಲ್ಲಿ ಎರಡನೆಯ ಜೋಡಿ ಕೈಯನ್ನು ಕರೆಯಿರಿ. ಮೇಲ್ಮಟ್ಟದ ಪೆಟ್ಟಾದವರಲ್ಲಿ ಜ್ವರವನ್ನೊಂದೇ ನಂಬಬೇಡಿ. ಅವರ ದೇಹದ ಶಾಖ ಹವೆಯ ಜೊತೆ ಏರಿಳಿಯುತ್ತದೆ, ಕೆಮ್ಮೂ ಕ್ಷೀಣವಾಗಿರುತ್ತದೆ. ಆಕ್ಸಿಮೀಟರ್ 94ಕ್ಕಿಂತ ಕೆಳಗೆ ತೋರಿಸಿದರೆ, ಮಾತಿನ ನಡುವೆ ಉಸಿರು ತುಂಡಾದರೆ, ತೂಕಡಿಕೆ ಹೆಚ್ಚಾದರೆ ಆಸ್ಪತ್ರೆಗೆ ಹೊರಡಿ. ಹೊರಡುವಾಗ ಮೊದಲ ಹಂತದ ಪುಟ, ಕುಶನ್, ಕ್ಯಾತಿಟರ್, ಔಷಧ ಜೊತೆಗಿರಲಿ. ಅಲ್ಲಿಯೂ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕೆಂದು ವಾರ್ಡಿನ ನರ್ಸ್‌ಗೆ ಬರೆದುಕೊಡಿ, ಹೇಳಲು ಸಂಕೋಚಪಡಬೇಡಿ.

ಹಂತ 10: ಬೆನ್ನುಮೂಳೆಯ ಇತರ ಕಾಯಿಲೆಗಳಿರುವವರಿಗೆ

ಬೆನ್ನುಮೂಳೆಯ ಕ್ಷಯಕ್ಕೆ ಶ್ವಾಸಕೋಶದ ಕ್ಷಯಕ್ಕಿಂತ ಹೆಚ್ಚು ಕಾಲ, ಸಾಮಾನ್ಯವಾಗಿ ಒಂದು ವರ್ಷ, ಮಾತ್ರೆ ಬೇಕು. ನೋವು ಹೋಯಿತೆಂದು ನಡುವೆ ಬಿಟ್ಟರೆ ರೋಗ ಔಷಧಕ್ಕೆ ಬಗ್ಗದಂತಾಗುತ್ತದೆ. ಮಾತ್ರೆ ಸರ್ಕಾರದಿಂದ ಉಚಿತ. ಹೋಗಲಾಗದಿದ್ದರೆ ನಿಮ್ಮ ಆಶಾ ಕಾರ್ಯಕರ್ತೆಗೆ ತಿಳಿಸಿ.

ಆಂಕೈಲೋಸಿಂಗ್ ಸ್ಪಾಂಡಿಲೈಟಿಸ್ ಬೆನ್ನುಮೂಳೆಯ ಕೀಲುಗಳು ಉರಿಯೂತದಿಂದ ಕ್ರಮೇಣ ಬಿಗಿಯುವ ಕಾಯಿಲೆ. ಇದರ ನೋವು ವಿಶ್ರಾಂತಿಯಿಂದ ಹೆಚ್ಚುತ್ತದೆ, ಚಲನೆಯಿಂದ ಇಳಿಯುತ್ತದೆ. ಹಾಗಾಗಿ ಮನೆಯೊಳಗೇ ದಿನಕ್ಕೆರಡು ಸಲ ವ್ಯಾಯಾಮ ಮಾಡಿ, ಹದಿನೈದು ನಿಮಿಷ ಬೋರಲು ಮಲಗಿ. ಬಯಲಾಜಿಕ್ ಎಂಬ ಚುಚ್ಚುಮದ್ದು ಪಡೆಯುವವರು ಸೋಂಕಿನ ಭಯದಿಂದ ತಾವೇ ನಿಲ್ಲಿಸದೆ ವೈದ್ಯರನ್ನು ಕೇಳಿ, ಮದ್ದನ್ನು 2ರಿಂದ 8 ಡಿಗ್ರಿಯಲ್ಲಿಡಿ.

ಡಿಸ್ಕ್ ತೊಂದರೆ ಇರುವವರು ಮಂಚದ ಮೇಲೆ ಲ್ಯಾಪ್‌ಟಾಪ್ ಇಟ್ಟು ಕೆಲಸ ಮಾಡದಿರಲಿ, ಅರ್ಧ ಗಂಟೆಗೊಮ್ಮೆ ಎದ್ದು ನಡೆಯಲಿ. ಒಂದು ಸ್ಥಿತಿಯಲ್ಲಿ ಮಾತ್ರ ಮನೆಯಲ್ಲಿ ಕಾಯುವಂತಿಲ್ಲ: ತೊಡೆಸಂದಿ ಮತ್ತು ಗುದದ ಸುತ್ತ ಮರಗಟ್ಟಿದರೆ, ಮೂತ್ರ ಕಟ್ಟಿದರೆ ಅಥವಾ ಅರಿವಿಲ್ಲದೆ ಹೋದರೆ, ಕಾಲಿನ ಶಕ್ತಿ ಕುಗ್ಗಿದರೆ ಅದು ನರಗಳು ಅದುಮಿಕೊಂಡ ಗುರುತು. ಗಂಟೆಗಳ ಲೆಕ್ಕದಲ್ಲಿ ಶಸ್ತ್ರಚಿಕಿತ್ಸೆ ಆಗಬೇಕು.

ಹಂತ 11: ಫೋನಿನಲ್ಲಿ ವೈದ್ಯರು, ಕೈಯಲ್ಲಿ ಕಾಗದ

ಫೋನ್ ಮತ್ತು ವಿಡಿಯೊ ಮೂಲಕ ವೈದ್ಯರು ಸಲಹೆ ಕೊಡುವುದಕ್ಕೆ 2020ರ ಮಾರ್ಚ್ 25ರಂದು ಅಧಿಕೃತ ಮಾರ್ಗಸೂಚಿ ಬಂತು, ಕೇಂದ್ರ ಸರ್ಕಾರದ ಇ-ಸಂಜೀವಿನಿ ಎಂಬ ಇಂತಹ ಸೇವೆ ಉಚಿತವಾಗಿ ಲಭ್ಯವಿದೆ. ಕರೆ ಮಾಡುವ ಮುನ್ನ ಹಿಂದಿನ ಚೀಟಿ, ಬಿ.ಪಿ., ಮೂತ್ರದ ಅಳತೆ, ಗಾಯದ ಫೋಟೊ ಎದುರಿಗಿರಲಿ. ಮಾದಕ ಔಷಧಗಳ ಪಟ್ಟಿಯಲ್ಲಿರುವ ನೋವುನಿವಾರಕಗಳನ್ನು ಫೋನಿನಲ್ಲಿ ಬರೆದುಕೊಡುವಂತಿಲ್ಲ. ಅವನ್ನು ಬಳಸುವವರು ಮೊದಲೇ ವ್ಯವಸ್ಥೆ ಮಾಡಿಕೊಳ್ಳಬೇಕು.

ಅಂಗವಿಕಲರ ಹಕ್ಕುಗಳ ಕಾಯ್ದೆ 2016ರ 8ನೇ ಕಲಮು ವಿಪತ್ತಿನ ಕಾಲದಲ್ಲಿ ನಿಮಗೆ ಸಮಾನ ರಕ್ಷಣೆಯನ್ನು ಕೊಡುತ್ತದೆ. 2020ರ ಮಾರ್ಚ್ ಕೊನೆಯಲ್ಲಿ ಕೇಂದ್ರದ ಅಂಗವಿಕಲರ ಸಬಲೀಕರಣ ಇಲಾಖೆ ಆರೈಕೆದಾರರ ಓಡಾಟಕ್ಕೆ ವಿನಾಯಿತಿ ಅಥವಾ ಪಾಸ್ ಕೊಡಬೇಕೆಂದು ಸೂಚಿಸಿತ್ತು. ಬಹಳ ಮಂದಿಗೆ ಇದು ಗೊತ್ತಿರದೆ ಪೊಲೀಸ್ ತಡೆಯ ಬಳಿಯಿಂದ ಹಿಂದಿರುಗಿದ್ದು ನನಗೆ ಇಂದಿಗೂ ನೋವು ಕೊಡುತ್ತದೆ. ಯು.ಡಿ.ಐ.ಡಿ. ಕಾರ್ಡ್, ಎಂದರೆ ದೇಶಕ್ಕೆಲ್ಲ ಒಂದೇ ಆದ ಅಂಗವೈಕಲ್ಯದ ಗುರುತಿನ ಚೀಟಿ, ಇನ್ನೂ ಮಾಡಿಸದಿದ್ದರೆ ಈಗ ಮಾಡಿಸಿ; ಅದರ ಪ್ರತಿಯನ್ನೂ ವೈದ್ಯರ ಚೀಟಿಯನ್ನೂ ಆರೈಕೆದಾರರ ಜೇಬಿನಲ್ಲಿಡಿ. ಹಳ್ಳಿಯಲ್ಲಿರುವವರು ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ಫೋನ್ ನಂಬರನ್ನು ನೋಟುಪುಸ್ತಕದಲ್ಲಿ ಬರೆದುಕೊಳ್ಳಿ. ಮನಸ್ಸು ಕುಸಿದಾಗ, ನಿದ್ದೆ ಬಾರದಾಗ, ಬದುಕು ಬೇಡವೆನಿಸಿದಾಗ ಟೆಲಿ-ಮಾನಸ್ ಎಂಬ ಸರ್ಕಾರಿ ಸಹಾಯವಾಣಿಯ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ಆರೈಕೆದಾರರೂ ಮಾಡಬಹುದು.

ಹಂತ 12: ಬಾಗಿಲು ತೆರೆದ ಮೊದಲ ವಾರ

ತಿಂಗಳುಗಟ್ಟಲೆ ಮಲಗಿದ್ದವರು ಮೊದಲ ದಿನವೇ ಇಡೀ ದಿನ ಗಾಲಿಕುರ್ಚಿಯಲ್ಲಿ ಕೂರಬಾರದು. ಅರ್ಧ ಗಂಟೆ ಕೂತು, ಇಳಿದು, ಚರ್ಮ ನೋಡಿ. ಗುರುತಿಲ್ಲದಿದ್ದರೆ ಮರುದಿನ ಹದಿನೈದು ನಿಮಿಷ ಹೆಚ್ಚಿಸಿ. ತಲೆ ಸುತ್ತಿದರೆ ಕುರ್ಚಿಯನ್ನು ಹಿಂದಕ್ಕೆ ವಾಲಿಸಿ. ಮೂಳೆಗಳು ದುರ್ಬಲವಾಗಿರುವುದರಿಂದ ಬಿಗಿದ ಮೊಣಕಾಲನ್ನು ಬಲವಂತವಾಗಿ ಬಗ್ಗಿಸಬೇಡಿ. ಟಯರಿನ ಗಾಳಿ, ಬ್ರೇಕ್, ಗಾಳಿ ತುಂಬುವ ಕುಶನ್ ಇದ್ದರೆ ಅದರ ಗಾಳಿ ಪರೀಕ್ಷಿಸಿ. ಮುಂದೂಡಿದ ಪರೀಕ್ಷೆಗಳಲ್ಲಿ ಮೊದಲು ಮಾಡಿಸಬೇಕಾದದ್ದು ಮೂತ್ರಪಿಂಡ ಮತ್ತು ಮೂತ್ರಕೋಶದ ಅಲ್ಟ್ರಾಸೌಂಡ್ ಹಾಗೂ ಮೂತ್ರಪಿಂಡದ ಕೆಲಸ ತಿಳಿಸುವ ರಕ್ತದ ಕ್ರಿಯಾಟಿನಿನ್ ಪರೀಕ್ಷೆ. ಹೋಗುವಾಗ ನೋಟುಪುಸ್ತಕವನ್ನೇ ತೆಗೆದುಕೊಂಡು ಹೋಗಿ, ಮೂತ್ರದ ಅಳತೆ ಬರೆದ ಪುಟಗಳನ್ನು ವೈದ್ಯರ ಮುಂದೆ ತೆರೆದಿಡಿ.